ನಾಕ ಬಟ್ಟಿನ ಆಟ

ಗಬ್ಬೂರ ಕ್ರಾಸಿನ ಶೆಡ್ಡಿನ್ಯಾಗ
ದಾವಲಸಾಬ ಗಾಡಿ ಕೆಳಗ ಮಲಗ್ಯಾನ,
ಕಾಲಷ್ಟ ಹೊರಗ.
ಮ್ಯಾಲ ನಾ ಸ್ಟೇರಿಂಗ್ ಹಿಡಕೊಂಡ ಕುಂತೇನಿ.
‘ಎಡಕ್ಕ’ ಅಂತಾನ. ತಿರುವ್ತೀನಿ.
‘ಬಲಕ್ಕ.’ ತಿರುವ್ತೀನಿ.
‘ನಿಮ್ಮ ಕೈ ಹೋಗಿ ಮುಟ್ಟಿದ ಮ್ಯಾಲ
ಗಾಲಿಗೆ ಎಚ್ಚರ ಆಗತೈತಿ, ಮಾಲಕರ.
ನಾಕ ಬಟ್ಟ ಆಟ.’

ಆಟ ಅಂತ ಆಟ.
ಎರಡ ಸಾವಿರದ ಐದರ ಮಾಡಲ್,
ಮೂರ ಸಲ ಬಣ್ಣ, ಎರಡ ಸಲ ಇಂಜಿನ್ ಬೋರು,
ಈ ಸಲದ ಪಾಸಿಂಗ್ ಹೆಂಗೋ ಆತು,
ಮುಂದಿಂದು ಆರ್‌ಟಿಓಗೇ ಗೊತ್ತು.

ಕಾಂತಿಲಾಲನ ಕೌಂಟರಿನ ಮ್ಯಾಲ
ಎರಡ ಟೈ ರಾಡ್ ಎಂಡ್.
ಒಂದು ಡಬ್ಬ್ಯಾಗ. ಡಬ್ಬಿಗೆ ಮಿಂಚೂ ಚೀಟಿ,
ಒಳಗ ಎಣ್ಣಿ ಕಾಗದ, ಅದರೊಳಗ
ಬಾಣಂತಿ ಕೋಣ್ಯಾಗಿನ ಕೂಸಿನಂಗ ಬೆಚ್ಚಗ.
ಎರಡ ಸಾವಿರದ ಎಂಟನೂರಾ ಐವತ್ತು.
ಇನ್ನೊಂದು ಬರೇ ಮೈಲೆ,
ತಂತ್ಯಾಗ ಪೋಣಿಸಿದ್ದು, ಊರಿಲ್ಲ, ಹೆಸರಿಲ್ಲ.
ಒಂಬತ್ತನೂರು.
‘ನಿಮಗಂತ ಎಂಟನೂರಾ ಐವತ್ತು.
ಗಾಡಿ ಇನ್ನ ಎಷ್ಟ ವರ್ಷ ಓಡೂದೈತಿ?
ಮುದಿ ಎತ್ತಿಗೆ ಬೆಳ್ಳಿ ಕೋಡಣಸ ಯಾಕ್ರಿ?’

ಲೆಕ್ಕ ಖರೇನ.
ಡ್ರ್ಯಾಗ್ ಲಿಂಕಿಂದೂ ಹಿಡದರ ನಾಕು ಬೇಕು,
ನಾಕಕ್ಕ ಎಂಟ ಸಾವಿರದ ಫರಕ.
ಎಂಟ ಸಾವಿರ ಅಂದ್ರ
ಡೀಸೆಲ್ ಹೋಗಿ ಟೋಲ್ ಹೋಗಿ
ಒಂದ ಟ್ರಿಪ್ಪಿಗೆ ಕೈಯಾಗ ಉಳಿಯೂದು.

ಹದಿನೆಂಟ ವರ್ಷ ನಾನ ಹೊಡದೇನಿ.
ತಂತ್ಯಾಗ ಪೋಣಿಸಿದ್ದನ್ನ ಹಾಕ್ಕೊಂಡ
ಅರಬೈಲ ಘಾಟ ಇಳದೇನಿ,
ಹಿಂದ ಹತ್ತ ಟನ್ ಅಮರಗೋಳದ ಉಳ್ಳಾಗಡ್ಡಿ,
ಬಾಯಾಗ ಎಲಿಅಡಕಿ.
ಆಟ ಎಷ್ಟೈತಿ ಅನ್ನೂದು ಕೈಗೆ ಗೊತ್ತಿತ್ತು.
ತಿರುವು ಬರೂಕಿಂತ ಮೊದಲ ತಿರುವಬೇಕು,
ನೆಟ್ಟಗಿನ ದಾರ್ಯಾಗೂ ಸುಮ್ನ ಇರಬಾರದು,
ರೊಟ್ಟಿ ಬಡಿಯೂ ಕೈಯಂಗ
ಒಂಚೂರ ಆ ಕಡೆ, ಒಂಚೂರ ಈ ಕಡೆ.
ಹೆದರಿಕಿ ಇರಲಿಲ್ಲಂತಲ್ಲ.
ನನ್ನ ಹೆದರಿಕಿ. ಸೋವಿ ಇತ್ತು.

ಈಗ ಮಣಕಾಲು ಕ್ಲಚ್ ತುಳಿಯೂದುಲ್ಲ ಅಂತೈತಿ.
ವಿದ್ಯಾನಗರದ ಡಾಕ್ಟರೂ ಹಿಂಗ
ಎರಡ ತೋರಸಿದ್ರು ಟೇಬಲ್ ಮ್ಯಾಲ,
ಹೊರದೇಶದ್ದೊಂದು, ಇಲ್ಲೀದೊಂದು.
‘ವಿಚಾರ ಮಾಡಿ ಹೇಳ್ತೀನ್ರಿ’ ಅಂದ ಬಂದಾವ
ಇನ್ನೂ ಆ ಓಣಿಗೆ ಹೋಗಿಲ್ಲ.

ಗಾಡಿ ಫಕ್ಕೀರೇಶ ಹೊಡಿತಾನ,
ಶಿರಹಟ್ಟಿ ಕಡೇ ಹುಡುಗ, ಇಪ್ಪತ್ನಾಕು.
ಘಾಟ ಇಳದದ್ದು ನಾಕ ಸಲ.
ಸುಳ್ಳ ಹೇಳೂ ಸ್ಟೇರಿಂಗ್
ಅವನ ಕೈಗೆ ಇನ್ನ ಪರಿಚಯ ಇಲ್ಲ.

ಬಾಜೂಕ ನಿಂತಿದ್ದ. ಕೇಳಿದೆ,
‘ಯಾವ್ದ ತಗೊಳ್ಳೂಣೋ?’
ಮಿಂಚೂ ಚೀಟಿ ನೋಡಿದ, ನನ್ನ ನೋಡಿದ.
‘ಸೋವೀದ ತಗೋರಿ ಕಾಕಾ,
ಉಳದದ್ದರಾಗ ನನ್ನ ಭತ್ತೆ ಐವತ್ತ ಏರಸ್ರಿ.’
ಕಾಂತಿಲಾಲ ನಕ್ಕ. ನಾನೂ ನಕ್ಕೆ.
ಹುಡುಗ ನಗಲಿಲ್ಲ.

ಡಬ್ಬೀವು ನಾಕು ತಗೊಂಡೆ.
ಭತ್ತೆ ಏರಸಿದೆ, ಇಪ್ಪತ್ತೈದು.
ಧರ್ಮ ಗಿರ್ಮ ಅನಬ್ಯಾಡ್ರಿ,
ಅರ್ಧ ಉದ್ರಿ ಬರಸೇನಿ,
ಅಂಗಡಿ ಪಾವಟಿಗಿ ಇಳಿಯೂದರಾಗ
ಹೊಟ್ಟಿ ಉರೀತು.

ದಾವಲಸಾಬ ಮೂರ ಪೆಟ್ಟಿಗೆ ಹಳೇದ ಕಳಚಿ
ನನ್ನ ಕೈಯಾಗಿಟ್ಟ.
ಬಟ್ಟಲೆ ತಿರುವಿದೆ. ಎತ್ತ ಅಂದ್ರ ಅತ್ತ,
ಎಲ್ಲಾದಕ್ಕೂ ಹೂಂ ಅನ್ನೂ ಮನಶ್ಯಾನಂಗ.
ಇದನ್ನ ನಂಬಿ
ಎಷ್ಟ ಮಂದಿ ಎದುರಿಗೆ ಬಂದ ಹೋದ್ರು,
ಲೈಟ್ ಡಿಪ್ ಮಾಡಿ, ಕೈ ಎತ್ತಿ.
‘ಗುಜರಿಗೆ ಹಾಕ್ಲ್ಯಾ?’
ಬ್ಯಾಡಂದೆ. ಕಿಸೇಕ ಇಳಿಬಿಟ್ಟೆ.
ಅಂಗಿ ಒಂದ ಕಡೆ ಜಗ್ಗಿತು.

ಈಗ ಹುಡುಗ ಮ್ಯಾಲ ಕುಂತ.
‘ಎಡಕ್ಕ’ ಅಂದ ದಾವಲಸಾಬ.
ಕೈ ಅಲುಗೂದಕ್ಕ ಗಾಲಿ ಹೊಳ್ಳಿಬಿಟ್ತು.
ಗಾಬರಿ ಆಗಿ ಕೈ ಬಿಟ್ಟ.
‘ಬಾಳ ಬಿರುಸ ಆತಲ್ರಿ ಕಾಕಾ.’

ಆಕಡೆ ಬಾಗಲಾ ತಗದ ನಾ ಇಳದೆ,
ಮೊದಲ ಎಡಗಾಲು,
ಆಮ್ಯಾಲ, ಹೊತ್ತ ತಗೊಂಡು,
ಬಲಗಾಲು.