ಮ್ತಿತೊ ಅಂಡೈಯ ಸಾಲದ ಪುಸ್ತಕ

ರಾತ್ರಿ ಹತ್ತರ ಗೂಡ್ಸು ಹೋಯಿತು.
ನೂರೆಂಟು ಪೆಟ್ಟಿಗೆ. ಬಾಯಿಮಾತಿನ ನೂರೆಂಟಲ್ಲ,
ಒಂದೊಂದಾಗಿ ಎಣಿಸಿದ್ದು, ಮೊನ್ನೆ, ನಿನ್ನೆ, ಇವತ್ತೂ.
ಒಲೆ ತಣ್ಣಗಾದ ಮೇಲೆ ಎಣಿಸುವ ಚಟ ಹತ್ತಿದೆ.

ಮುಂಚೆ ಈ ನೂರೆಂಟೂ ನನ್ನ ಬಾಗಿಲಿಗೇ ಬರುತ್ತಿದ್ದವು,
ಪೆಟ್ಟಿಗೆಗೊಂದು ಲಾರಿ, ಲಾರಿಗೊಬ್ಬ ಡ್ರೈವರು,
ಅವನ ಜತೆಗೊಬ್ಬ ನಿದ್ದೆಗಣ್ಣಿನ ಹುಡುಗ.
ಪೆಟ್ಟಿಗೆ ಅಂದರೆ ನನಗೆ ಎರಡು ತಟ್ಟೆ ಉಗಾಲಿ,
ಪಕ್ಕದ ಕಿಲೊಂಜೊಗೆ ಒಂದು ಪಂಕ್ಚರು.
ಒಳಗಿರುವುದು ಟೀವಿಯೋ ಟೈಲ್ಸೋ, ಕೇಳಿದವರಿಲ್ಲ.
ಈಗ ಅವು ಕಂಬ ನೆಟ್ಟು ಎತ್ತರಿಸಿದ ಹಳಿಯ ಮೇಲೆ
ಮೊಂಬಾಸಾದಿಂದ ಸೀದಾ ನೈರೋಬಿಗೆ.
ಕಂಬಗಳ ನಡುವೆ ಆನೆ ದಾಟುತ್ತದೆ.
ಯಾರಿಗೂ ಹಸಿವಿಲ್ಲ.

ಹಡಗಿಂದ ಇಳಿದದ್ದೆಲ್ಲ ರೈಲಿಗೇ ಹೋಗಬೇಕಂತೆ,
ಬಾಡಿಗೆ ಅರ್ಧವಂತೆ.
ಉಳಿದರ್ಧ ಯಾರು ಕೊಡುತ್ತಾರೆ ಅಂದರೆ, ಸರ್ಕಾರ.
ಸರ್ಕಾರದ ಅಡುಗೆಮನೆ ನಾನು ಕಂಡಿಲ್ಲ.
ಆದರೆ ಹೋದ ತಿಂಗಳು ಹೊಸ ಫ್ಲಾಸ್ಕು ಕೊಂಡೆ.
ಯಾಕಿಷ್ಟು ಬೆಲೆ? ಅಂಗಡಿಯ ಹುಡುಗಿ ಹೇಳಿದಳು,
ಹೊರದೇಶದ ಮಾಲು ಅಕ್ಕಾ, ರೈಲಿನ ಸುಂಕ ಸೇರಿದೆ.
ಓ!
ಹಾಗಾದರೆ ಆ ಉಳಿದರ್ಧದಲ್ಲಿ ನಾನೂ ಇದ್ದೇನೆ.
ನನ್ನ ಗಿರಾಕಿಯನ್ನು ಹೊತ್ತೊಯ್ಯುವ ಗಾಡಿಗೆ
ನನ್ನದೇ ಒಂದು ಲೋಟದಷ್ಟು ಡೀಸೆಲ್ಲು.

ತೂಕದ ಕಟ್ಟೆಯಲ್ಲಿ ಮೂವತ್ತು ವರ್ಷ ಕೂತೆದ್ದ
ಮುದುಕ ಮ್ವಾಕಿಯೊ ಮಾತ್ರ ನಗುತ್ತಾನೆ:
'ಕಲೊಂಡು, ನಿನ್ನ ಲಾರಿಗಳೇನು ಸಾಧುಗಳಲ್ಲ.
ಹತ್ತು ಟನ್ನು ಜಾಸ್ತಿ ಹೇರಿ, ನನ್ನ ಕಿಸೆಗೆ ಇನ್ನೂರು ತುರುಕಿ
ಈ ದಾರಿಯನ್ನು ಹಪ್ಪಳ ಮಾಡಿದವು.
ಮತ್ತೆ ಮತ್ತೆ ಡಾಂಬರು ಸುರಿದದ್ದು ಯಾರಪ್ಪನ ಮನೆ ಗಂಟು?
ಲಾರಿಗೆ ಕೊಟ್ಟರೆ ಅದರ ಹೆಸರು ರಸ್ತೆ,
ರೈಲಿಗೆ ಕೊಟ್ಟರೆ ಸಬ್ಸಿಡಿ.'

ಹೌದೆನ್ನದೆ ಏನು ಮಾಡಲಿ?
ಆ ಇನ್ನೂರರಲ್ಲಿ ನೂರು
ಇದೇ ಬೆಂಚಿನ ಮೇಲೆ, ನನ್ನ ಮೇಕೆ ಸಾರಿಗೆ
ಖರ್ಚಾಗುತ್ತಿತ್ತು.

ಮೂಲೆಯೆಲ್ಲ ಎಣ್ಣೆ ಹಿಡಿದ ಪುಸ್ತಕ ತೆಗೆಯುತ್ತೇನೆ.
ಒಮಾರಿ ಮ್ವಿನ್ಯಿ, ಇಪ್ಪತ್ತೇಳು ತಟ್ಟೆ.
ಮಲಾಬಾದ ಬರಾಸಾ, ಒಂಬತ್ತು ಚಹಾ,
ಹೆಂಡತಿಗೆ ಫೋನು ಮಾಡಲು ಪಡೆದ ಐವತ್ತು
(ಹೆರಿಗೆಯಾಯಿತೋ ಏನೋ, ಹೇಳಲು ಬರಲಿಲ್ಲ).
'ಕೆಂಪು ಟೋಪಿ', ಹೆಸರು ಕೇಳಿರಲಿಲ್ಲ, ನಾಲ್ಕು ಚಪಾತಿ.
ಒಮಾರಿ ಈಗ ಬಂದರಿನಲ್ಲಿ
ರೈಲಿಗೆ ಪೆಟ್ಟಿಗೆ ಏರಿಸುವ ಕ್ರೇನಿನ ಕೆಳಗೆ
ಬಾವುಟ ಬೀಸುತ್ತಾನಂತೆ.
ಇಪ್ಪತ್ತೇಳು ತಟ್ಟೆ ಹಾಗೇ ಇದೆ.
ಇದೂ ಸಬ್ಸಿಡಿಯೇ ಇರಬೇಕು,
ಯಾವ ಸಂಸತ್ತಿನಲ್ಲೂ ಇದರ ಮಾತು ಬಂದಿಲ್ಲ.

ಮ್ವಾಕಿಯೊ ಎದ್ದ. ಚಹಾದ ದುಡ್ಡು ಕೊಡಲಿಲ್ಲ,
ಬರೆದುಕೋ ಅಂತಲೂ ಅನ್ನಲಿಲ್ಲ.

ಎರಡನೆಯ ಗೂಡ್ಸಿನ ಸದ್ದಿಗೆ ಲೋಟಗಳು ಅದುರುತ್ತವೆ.
ಫ್ಲಾಸ್ಕೇನೋ ಒಳ್ಳೆಯದು, ಸುಂಕಕ್ಕೆ ಮೋಸವಿಲ್ಲ;
ಬೆಳಗಿನ ಜಾವ ನಾಲ್ಕಕ್ಕೆ ಮುಚ್ಚಳ ತೆಗೆದರೂ
ಹಬೆ ಬರುತ್ತದೆ.