ಲೆಕ್ಕಕ್ಕುಂಟು

ಜುಬೈಲಿನ ನಮ್ಮ ಆಫೀಸಿನಲ್ಲಿ ನಡಿಗೆಯ ಪಂದ್ಯ ಶುರುವಾದಾಗ
ಪ್ಯಾಂಟ್ರಿಯ ಬಾಗಿಲಿಗೆ ಮೊದಲು ಬಂದವರು ಹೈಥಮ್ ಸಾರ್.
ಬಿಚ್ಚಿದ ವಾಚು ಅಂಗೈಯಲ್ಲಿ, ಬೆಲ್ಟು ಇನ್ನೂ ಬೆಚ್ಚಗೆ.
'ಮೋನಬ್ಬ, ನೀನು ಹೇಗೂ ನಡೆಯುತ್ತಲೇ ಇರುತ್ತೀ.'

ನಿಜವೇ.
ಇಲ್ಲಿಂದ ಮೀಟಿಂಗ್ ರೂಮಿಗೆ ಮೂವತ್ತಾರು ಹೆಜ್ಜೆ,
ಅಕೌಂಟ್ಸಿಗೆ ಐವತ್ತೆರಡು, ಟ್ರೇ ತುಂಬಿದ್ದರೆ ಅರವತ್ತು.
ತುಳುಕಬಾರದಲ್ಲ, ಹೆಜ್ಜೆ ಗಿಡ್ಡವಾಗುತ್ತದೆ.
ಹನ್ನೊಂದು ವರ್ಷ ಇದನ್ನು ಯಾರೂ ಎಣಿಸಿರಲಿಲ್ಲ, ನಾನೂ.
ಎಣಿಸಿದ್ದು ಸಕ್ಕರೆ: ರೊವೀನಾಗೆ ಎರಡು, ಶಶಿಧರನ್‌ಗೆ ಬೇಡ,
ಹೈಥಮ್ ಸಾರಿಗೆ ಮೂರು, ಮತ್ತೆ ಪುದೀನಾ ಎಲೆ ಐದು.

ವಾರಕ್ಕೆ ಹತ್ತು ರಿಯಾಲು.
ಮರುದಿನ ಶಶಿಧರನ್ ಬಂದ, ಆಚೀಚೆ ನೋಡಿ.
ಆಮೇಲೆ ರೊವೀನಾ, ಗುಲಾಬಿ ಬೆಲ್ಟು.
ಎಡಗೈಗೆ ಎರಡು, ಬಲಗೈಗೆ ಒಂದು,
ಮೇಲೆ ಯೂನಿಫಾರ್ಮಿನ ಉದ್ದ ತೋಳು.
ಬೆಳಿಗ್ಗೆ ಒಂದು ಗಂಟೆ ಮಾತ್ರ ಅವು ಒಡೆಯರ ಕೈಗೆ ಹೋಗುತ್ತಿದ್ದವು,
ಫೋನಿಗೆ ಲೆಕ್ಕ ಒಪ್ಪಿಸಲು.

ಸಂಜೆ ಕಾರುಗಳೆಲ್ಲ ಹೋದ ಮೇಲೆ
ಕಾಂಪೌಂಡಿನೊಳಗೆ ಸುತ್ತು ಹಾಕುತ್ತಿದ್ದೆ.
ಆಗಸ್ಟು. ಕಡಲಿನಿಂದ ಬರುವುದು ಗಾಳಿಯಲ್ಲ,
ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗಿನ ಹಬೆ.
ದೂರದ ಕೊಳವೆಯ ತುದಿಯಲ್ಲಿ ಬೆಂಕಿ
ನಾಲಗೆ ಚಾಚಿ ಒಳಗೆಳೆದುಕೊಳ್ಳುತ್ತಿತ್ತು.
'ಡಾಕ್ಟರ್ ಹೇಳಿದ್ದಾ?' ವಾಚ್‌ಮನ್ ಖಡ್ಗ ಬಹಾದೂರ್ ಕೇಳಿದ.
'ಹೂಂ. ಮೂರು ಜನ ಡಾಕ್ಟರು.'

ಒಮ್ಮೆ ದೀಪದ ಕಂಬದ ಕೆಳಗೆ ನಿಂತು ತೋಳು ಸರಿಸಿ ನೋಡಿದೆ.
ಇರುವುದು ಒಂದೇ ಎದೆ.
ಒಂದು ವಾಚು ತೊಂಬತ್ತೆಂಟು ಅಂದಿತು, ಇನ್ನೊಂದು ನೂರಾನಾಲ್ಕು,
ಗುಲಾಬಿಯದು ಸ್ವಲ್ಪ ಯೋಚಿಸಿ
ಎರಡು ಗೆರೆ ಎಳೆದು ಸುಮ್ಮನಾಯಿತು.

ಶಾಲೆಯಲ್ಲಿ ಕಬಡ್ಡಿಗೆ ನನ್ನನ್ನು ಸೇರಿಸಿಕೊಳ್ಳುವಾಗ
ದೊಡ್ಡ ಹುಡುಗರು ಹೇಳುತ್ತಿದ್ದರು:
ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಇಲ್ಲಿ ಲೆಕ್ಕಕ್ಕುಂಟು.
ಗೋಡೆಯ ಪರದೆಯಲ್ಲಿ ಮೊದಲ ಮೂರು ಹೆಸರು,
ಮೂರೂ ನಾನೇ, ಒಂದೂ ನನ್ನದಲ್ಲ.
ಚಹಾ ಇಡುತ್ತ ಓರೆಗಣ್ಣಿನಲ್ಲಿ ನೋಡಿದರೆ
ನನ್ನಿಂದಲೇ ನಾನು ಇನ್ನೂರು ಹೆಜ್ಜೆ ಹಿಂದೆ.

ಕ್ಯಾಂಪಿನಲ್ಲಿ ಮಲಗುವಾಗ ಎರಡನ್ನು ಬಿಚ್ಚುತ್ತಿದ್ದೆ.
ಹೈಥಮ್ ಸಾರಿನದು ಹಾಗೇ. ನಿದ್ದೆಗೂ ಅಂಕ ಇದೆ ಅಂದಿದ್ದರು.
ಚಾದರದೊಳಗೆ ಅದರ ಹಸಿರು ಬೆಳಕು ಮಿನುಗುತ್ತಿತ್ತು,
ಟಾರ್ಚು ಹಿಡಿದು ಯಾರೋ
ಚರ್ಮದಡಿಯಲ್ಲಿ ಕಳೆದದ್ದು ಹುಡುಕುವ ಹಾಗೆ.

ಒಂದು ಭಾನುವಾರ ಸಾರ್ ಬರಲಿಲ್ಲ. ಸೋಮವಾರವೂ.
ಮಂಗಳವಾರ ಬಂದರು, ಕೈಯಲ್ಲಿ ಬಕ್ಲಾವದ ಡಬ್ಬಿ.
ವಾಚು ಫೋನಿಗೆ ಬರೆದಿತ್ತಂತೆ:
ನಿಮ್ಮ ಎದೆಬಡಿತದ ತಾಳ ತಪ್ಪುತ್ತಿದೆ, ವೈದ್ಯರನ್ನು ಕಾಣಿ.
ನಾಲ್ಕು ಸಲ ಬರೆದಿತ್ತಂತೆ.
ಹೆದರಿದವರಿಗೆ ವಾಚು ಯಾರ ಕೈಯಲ್ಲಿತ್ತು ಎಂಬುದು ನೆನಪಾಗುವುದಿಲ್ಲ.
ಇಸಿಜಿ, ಎಕೋ, ಓಡುವ ಮೆಷೀನಿನ ಮೇಲೆ ಹತ್ತು ನಿಮಿಷ,
ಅಮ್ಮಾನಿನಿಂದ ಹೆಂಡತಿಯ ಅಳು.
'ಡಾಕ್ಟರ್ ಏನಂದ ಗೊತ್ತಾ? ಕುದುರೆಯ ಹೃದಯ!'
ಎದೆಗೆ ಗುದ್ದಿಕೊಂಡು ನಕ್ಕರು.
'ವಾಚು ಕೆಟ್ಟಿದೆ. ನೀನೇ ಇಟ್ಟುಕೋ.'

ಪುದೀನಾ ಎಲೆ ಎಣಿಸುತ್ತಿದ್ದವನು ಮೂರಕ್ಕೆ ನಿಂತೆ.
ಮತ್ತೆ ಒಂದರಿಂದ.
ಅವರ ಕಣ್ಣು ನನ್ನ ಮಣಿಕಟ್ಟಿನ ಬಿಳಿ ಪಟ್ಟೆಯ ಮೇಲೆ ಬಿತ್ತು.
ನಗು ಮುಗಿದಿರಲಿಲ್ಲ, ನಿಂತಿತು ಅಷ್ಟೆ.
ಮೀಟಿಂಗ್ ಇದೆ ಅಂದರು. ಹೋದರು.
ಚಹಾ ಮರೆತು.

ಈಗ ಬಂಕಿನ ಮೇಲೆ ಕೂತಿದ್ದೇನೆ.
ಹಳೆಯದೆಲ್ಲ ಅಳಿಸಿಕೊಂಡ ವಾಚು
ಮೊದಲ ಸಲ ನನ್ನನ್ನೇ ಕೇಳುತ್ತಿದೆ.
ಹೆಸರು? ಕೊಟ್ಟೆ.
ಎತ್ತರ? ಅಂದಾಜಿಗೆ ಕೊಟ್ಟೆ.
ಹುಟ್ಟಿದ ವರ್ಷ?
ಪಾಸ್‌ಪೋರ್ಟಿಗೆ ಏಜೆಂಟು ಏಳು ವರ್ಷ ಕಡಿಮೆ ಬರೆಸಿದ್ದ,
ಇನ್ಶೂರೆನ್ಸ್ ಕಾರ್ಡಿನಲ್ಲೂ ಅದೇ.
ಉಮ್ಮ ಹೇಳುತ್ತಿದ್ದದ್ದು ಬೇರೆ:
ಉಪ್ಪಿನಂಗಡಿ ಪೇಟೆಗೆ ಹೊಳೆ ನುಗ್ಗಿದ ವರ್ಷ.
ಬೆರಳು ಅಂಕಿಗಳನ್ನು ಮೇಲಕ್ಕೂ ಕೆಳಕ್ಕೂ ಉರುಳಿಸುತ್ತಿದೆ.
ತಾಳ ತಪ್ಪಿದ್ದು ಯಾರದು,
ಕಾರ್ಡಿನವನದೋ, ಉಮ್ಮನ ಮಗನದೋ?

ಕ್ಲಿನಿಕ್ಕು ಸಂಜೆ ಐದಕ್ಕೆ ತೆರೆಯುತ್ತದಂತೆ.
ಸಂಜೆಯ ಚಹಾ ನಾಲ್ಕೂವರೆಗೆ.
ಗೇಟಿನಿಂದ ಅಲ್ಲಿಗೆ ಎಷ್ಟು ಹೆಜ್ಜೆಯೋ,
ಆ ಕಡೆ ನಾನು ನಡೆದಿಲ್ಲ.