ಆರು ಉಗುರು

ಬರ್ಮಿಂಗ್‌ಹ್ಯಾಮ್, ವೈಸ್ ಬೀದಿ, ಎರಡನೇ ಮಹಡಿ.
ಉತ್ತರದ ಕಿಟಕಿ. ಹರಳು ನೋಡಲು ಬಿಸಿಲು ಬೇಡ;
ಬಿಸಿಲಲ್ಲಿ ಗಾಜೂ ಬೀಗುತ್ತದೆ.
ನಲವತ್ತಾರು ವರ್ಷ ಇಲ್ಲೇ ಕೂತು
ಹರಳಿಗೆ ಮನೆ ಕಟ್ಟಿದ್ದೇನೆ,
ನಾನಿರುವ ಮನೆಗೆ ಇನ್ನೂ ಬಾಡಿಗೆ.

ಅವರು ಬಂದದ್ದು ನವೆಂಬರಿನ ಒಂದು ಮಂಗಳವಾರ.
ಡೆಲ್ರಾಯ್ ಹನ್ನೊಂದನೇ ನಂಬರಿನ ಬಸ್ಸು ಓಡಿಸುವವನು.
ಆಕೆ ಮೊರ್ವೆನ್ನಾ. ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದಳು,
ಕುರ್ಚಿ ಕಂಡದ್ದೇ ಕೂತು ಬೂಟಿನ ಲೇಸು ಸಡಿಲಿಸಿದಳು.

ಅವನು ಕರವಸ್ತ್ರದ ಗಂಟು ಬಿಚ್ಚಿದ.
ಒಂಟಿ ಓಲೆ.
ಜಮೈಕಾದಿಂದ ಹಡಗು ಹತ್ತಿ ಬಂದ ಅಜ್ಜಿ ಐಸಿಲ್ಡಾ
ಯಾರ್ಯಾರದೋ ಮನೆಯ ಪರದೆ ಹೊಲಿದು ಹೊಲಿದು
ಕೊಂಡ ಜೋಡಿಯಲ್ಲಿ ಉಳಿದದ್ದು.
ಇನ್ನೊಂದು? "ಮಾರಿದಳೋ ಕಳೆದಳೋ,
ಕೇಳಿದಾಗಲೆಲ್ಲ ಬೇರೆ ಕಥೆ."

ಹಳೆಯ ಸಾಣೆಯ ವಜ್ರ, ಕೈಯಲ್ಲಿ ತಿರುವಿ ಉಜ್ಜಿದ್ದು.
ತುಸು ಹಳದಿ, ನೀರು ಜಾಸ್ತಿಯಾದ ಚಹಾದಂತೆ.
ಸೊಂಟದ ಬಳಿ ಉಪ್ಪಿನ ಪುಡಿಯ ಕಣದಷ್ಟು ಮುಕ್ಕು.
ಬೆಲೆ ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ.
ಬೆರಳು ಕೊಟ್ಟರೆ ಹಸ್ತ ನುಂಗುವವರ ಬೀದಿಯಿದು,
ಅಷ್ಟಕ್ಕೇ ಇಬ್ಬರಿಗೂ ಒಂಥರಾ ನೆಮ್ಮದಿ.

"ಎತ್ತರಕ್ಕೆ ಕೂರಿಸಿ," ಎಂದ ಡೆಲ್ರಾಯ್,
"ಆರು ಉಗುರಲ್ಲಿ. ಗಾಳಿಯಲ್ಲಿ ನಿಂತ ಹಾಗೆ.
ಇವಳು ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದರೆ
ರಸ್ತೆಯಾಚೆಯಿಂದ ನನಗೆ ಕಾಣಬೇಕು."
ನನಗೂ ಅದೇ ಇಷ್ಟ. ಬೆಳಕು ಕೆಳಗಿಂದ ನುಗ್ಗಿ
ಮೇಲೆ ಉಕ್ಕಬೇಕು. ಮುಕ್ಕಿನ ಮೇಲೊಂದು
ಉಗುರು ಮಡಿಸಿದರೆ ಮುಗಿಯಿತು, ದೇವರಿಗೂ ಕಾಣದು.
ಮಾದರಿ ಉಂಗುರ ಕೊಟ್ಟೆ. ಹರಳು ಗಾಜು,
ಉಗುರು ಮಾತ್ರ ನನ್ನವೇ.

ಹಾಕಿಕೊಂಡಳು. ನೋಡಲಿಲ್ಲ.
ಎಲ್ಲರೂ ಕೈ ಚಾಚಿ, ತಲೆ ಓರೆ ಮಾಡಿ ನೋಡುತ್ತಾರೆ.
"ನಿಮಗೆಷ್ಟು ವಯಸ್ಸು?" ಎಂದಳು.
ಎಪ್ಪತ್ತಮೂರು.
"ರಕ್ತ ತೆಳುವಾಗುವ ಮಾತ್ರೆ?"
ಬೆಳಿಗ್ಗೆ ಒಂದು.
"ಅಂಗಿಯ ತೋಳು ಮಡಚಿ."

ಯಾಕೆಂದು ಕೇಳಲಿಲ್ಲ, ಮಡಚಿದೆ.
ಒಂದು ಕೈ ಬೆನ್ನಿಗೆ, ಒಂದು ಕೈ ಮುಂಗೈಗೆ ಕೊಟ್ಟು
ನನ್ನನ್ನು ಕುರ್ಚಿಯಿಂದ ಎತ್ತಿದಳು,
ತೊಟ್ಟಿಲಿಂದ ಕೂಸೆತ್ತುವಷ್ಟು ಹಗುರ,
ಮತ್ತೆ ಕೂರಿಸಿದಳು.

ಮುಂಗೈ ಮೇಲೆ ಒಂದು ಗೆರೆ.
ಮೊದಲು ಬಿಳಿ. ಆಮೇಲೆ ಕೆಂಪು ಚುಕ್ಕಿ, ಇನ್ನೊಂದು ಚುಕ್ಕಿ,
ಸೂಜಿ ಓಡಿದ ಹೊಲಿಗೆಯ ಹಾಗೆ.

"ನನ್ನ ಮಹಡಿಯಲ್ಲಿ ಇಪ್ಪತ್ತೆರಡು ಜನ," ಎಂದಳು
ಚೀಲದಿಂದ ಹತ್ತಿ ತೆಗೆಯುತ್ತ. "ನಿಮ್ಮದೇ ವಾಸಿ.
ಅವರದು ಈರುಳ್ಳಿಯ ಒಳಸಿಪ್ಪೆ.
ರಾತ್ರಿ ಎರಡೆರಡು ತಾಸಿಗೆ ಮಗ್ಗುಲು ಬದಲಿಸಬೇಕು."
"ಕೆಲಸಕ್ಕೆ ಹೋಗುವಾಗ ತೆಗೆದಿಡು," ಎಂದ ಅವನು.
"ತೆಗೆದಿಡುವುದಾದರೆ ನಾನ್ಯಾಕೆ?
ಡಬ್ಬಿಯನ್ನೇ ಮದುವೆಯಾಗು."

ನಾನು ಗೆರೆ ನೋಡುತ್ತಿದ್ದೆ.
ಎಷ್ಟು ಸಾವಿರ ಉಗುರು ಅರದಲ್ಲಿ ಉಜ್ಜಿ
ಹೆಬ್ಬೆರಳಲ್ಲಿ ತಡವಿ, ನುಣುಪಾಯಿತು ಎಂದಿದ್ದೇನೆ.
ಹೆಬ್ಬೆರಳು ಜಡ್ಡುಗಟ್ಟಿ ಯಾವ ಕಾಲವಾಯಿತೋ.

ತಗ್ಗಿಗೆ ಕೂರಿಸೋಣ, ಎಂದೆ. ಸುತ್ತ ಚಿನ್ನದ ಅಂಚು ಮಡಿಸಿ,
ಹೊದಿಕೆಯನ್ನು ಹಾಸಿಗೆಯಡಿ ಸಿಕ್ಕಿಸಿದ ಹಾಗೆ.
ಸುಳ್ಳು ಹೇಳಲಾರೆ, ಬೆಳಕು ಕಡಿಮೆಯಾಗುತ್ತದೆ,
ಹಳದಿ ಇನ್ನಷ್ಟು ಹಳದಿ,
ರಸ್ತೆಯಾಚೆಗಂತೂ ಕಾಣುವುದಿಲ್ಲ.

ಡೆಲ್ರಾಯ್ ಕಿಟಕಿಯಾಚೆ ನೋಡಿದ. ಬಹಳ ಹೊತ್ತು.
"ಅವಳ ಕೆಂಪು ಕೋಟು ಕಾಣುತ್ತದೆ, ಬಿಡಿ."
ಪೂರ್ತಿ ಒಪ್ಪಿದ ದನಿಯಲ್ಲ ಅದು.

ಅಳತೆ ಉಳಿದಿತ್ತು.
ದುಡಿದು ಬಂದ ಬೆರಳು ಊದಿರುತ್ತದೆ,
ನಿದ್ದೆ ಮಾಡಿ ಬನ್ನಿ, ಎಂದೆ.
"ಯಾವಾಗ?" ಎಂದಳು. ತಮಾಷೆಯಲ್ಲ, ನಿಜವಾಗಿ ಕೇಳಿದಳು.
ಪುಸ್ತಕದಲ್ಲಿ ಎಲ್ ಎಂದು ಬರೆದು
ಪಕ್ಕದಲ್ಲಿ ಅರ್ಧ ಸೇರಿಸಿದೆ.

ಗೆರೆ ಒಂಬತ್ತು ದಿನ ಇತ್ತು.
ಅಷ್ಟು ದಿನವೂ ಮಾಡಿದ ಪ್ರತಿ ಉಗುರನ್ನು
ಮುಂಗೈಯ ಒಳಮೈಗೆ ಎಳೆದು ನೋಡಿದೆ.
ಮೂರನ್ನು ಮತ್ತೆ ಅರಕ್ಕೆ ಕೊಟ್ಟೆ.
ಹತ್ತನೆಯ ದಿನ ಒಂದನ್ನು.